ಓಟಿ ಲೆಕ್ಕ ಮತ್ತು ಎಂಬಿಎ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಬೇಲೂರು ಕಡೆಯ 24 ವರ್ಷದ ಈ ಯುವತಿ ಹಾಸನದಲ್ಲಿ ಎಂಬಿಎ ಮುಗಿಸಿ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ (ಕಾಫಿಯ ಸಿಪ್ಪೆ ಬಿಡಿಸಿ ಹಸನು ಮಾಡುವ) ಸಂಸ್ಥೆಯೊಂದರ ಖರೀದಿ ವಿಭಾಗಕ್ಕೆ ಸೇರಿ ಏಳು ತಿಂಗಳಾಗಿತ್ತು. ನಿದ್ದೆ ಬರುತ್ತಿಲ್ಲ, ಕೆಲಸ ಬಿಟ್ಟು ಬೆಂಗಳೂರಿಗೆ ಹೋಗುವ ಯೋಚನೆಯಿದೆ ಎಂದು ಮಾತು ಆರಂಭಿಸಿದವರು, ಸ್ವಲ್ಪ ಹೊತ್ತಿನ ಮೇಲೆ, "ಎರಡು ವರ್ಷ ಓದಿದ್ದರಲ್ಲಿ ಇಲ್ಲಿ ಉಪಯೋಗಕ್ಕೆ ಬಂದದ್ದು ಏನೂ ಇಲ್ಲ ಮೇಡಂ" ಎಂದರು.

ಫೆಬ್ರವರಿಯ ಒಂದು ಘಟನೆ ಅವರನ್ನು ಕುಗ್ಗಿಸಿತ್ತು. ರೋಬಸ್ಟಾ ತಳಿಯ ಚೆರಿಯ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣಿನ, ವ್ಯಾಪಾರ ನಡೆಯುವುದು ಓಟಿಯ (ಔಟ್‌ಟರ್ನ್) ಮೇಲೆ, ಅಂದರೆ 50 ಕೆಜಿಯ ಒಂದು ಚೀಲ ಚೆರಿಯಿಂದ ಎಷ್ಟು ಕೆಜಿ ಬೀಜ ಸಿಗುತ್ತದೆ ಎಂಬ ಲೆಕ್ಕದ ಮೇಲೆ. ಹಿರಿಯ ಬೆಳೆಗಾರರೊಬ್ಬರ 200 ಚೀಲಕ್ಕೆ ಇವರು 26.5 ಓಟಿ ಹಾಕಿ, ಎಕ್ಸೆಲ್‌ನಲ್ಲಿ ಅಚ್ಚುಕಟ್ಟಾಗಿ ತಯಾರಿಸಿದ ಹಾಳೆಯನ್ನು ಮುಂದಿಟ್ಟರು. 28 ಬರಲೇಬೇಕೆಂಬುದು ಬೆಳೆಗಾರರ ವಾದ. ಒಂದೂವರೆ ಪಾಯಿಂಟ್ ಎಂದರೆ ಕೇಳುವುದಕ್ಕೆ ಸಣ್ಣದು, ಆದರೆ 200 ಚೀಲಕ್ಕೆ ಅದು 300 ಕೆಜಿ ಬೀಜದ ಹಣ. ಅವರು ಹಾಳೆಯತ್ತ ಕಣ್ಣೆತ್ತಿಯೂ ನೋಡದೆ, ಜೇಬಿನಿಂದ ಒಂದು ಹಿಡಿ ಚೆರಿ ತೆಗೆದು ಮೇಜಿನ ಮೇಲೆ ಸುರಿದು, ಒಂದನ್ನು ಬಿಡಿಸಿ ಬೀಜ ಕಚ್ಚಿ ತೋರಿಸಿ, "ಇದು ಹಸಿಯೇನಮ್ಮಾ?" ಎಂದು ಕೇಳಿದರು. ಇವರಿಗೆ ಉತ್ತರ ಹೊಳೆಯಲಿಲ್ಲ. ಕೊನೆಗೆ ಹಳೆಯ ಗುಮಾಸ್ತರು ಬಂದು, ಬೇರೆ ಬೇರೆ ಚೀಲಗಳಿಂದ ಹೊಸದಾಗಿ ಸ್ಯಾಂಪಲ್ ತೆಗೆಸಿ, ಬೆಳೆಗಾರರ ಕಣ್ಣೆದುರೇ ಸಿಪ್ಪೆ ಬಿಡಿಸಿ ತೂಗಿ, 27.5ಕ್ಕೆ ಮಾತು ಮುಗಿಸಿ ಕಳುಹಿಸಿದರು. ಮೊದಲ ಸ್ಯಾಂಪಲ್ ಬಂದದ್ದು, ಕಣದಲ್ಲಿ ಸರಿಯಾಗಿ ಒಣಗದ ಕಡೆಯ ನಾಲ್ಕೈದು ಚೀಲಗಳಿಂದ ಮಾತ್ರ, ಓಟಿ ಕಡಿಮೆ ಬಂದದ್ದು ಅದಕ್ಕೇ ಎಂಬುದು ಆಮೇಲೆ ತಿಳಿಯಿತು.

ಕಾಫಿ ಮಂಡಳಿಯ ಪೂಲಿಂಗ್ ವ್ಯವಸ್ಥೆಯಿದ್ದಾಗ ಬೆಳೆಗಾರರು ಫಸಲನ್ನು ಮಂಡಳಿಗೆ ಒಪ್ಪಿಸಿ ಕಂತಿನ ಹಣಕ್ಕೆ ಕಾಯುತ್ತಿದ್ದರು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾದ ಮೇಲೆ ಪ್ರತಿಯೊಂದು ಲಾಟೂ ಎದುರುಬದುರು ಕುಳಿತು ಮಾತಾಡಿ ತೀರ್ಮಾನಿಸುವ ವ್ಯವಹಾರವಾಗಿದೆ. ಯುವತಿಯ ಗುಣಾಕಾರದಲ್ಲಿ ತಪ್ಪಿರಲಿಲ್ಲ. ತರಗತಿಯ ಕೇಸ್ ಸ್ಟಡಿಯಲ್ಲಿ ಅಂಕಿಅಂಶಗಳನ್ನು ಮೊದಲೇ ಕೊಟ್ಟಿರುತ್ತಾರೆ, ಅವನ್ನು ನಂಬಿಯೇ ಉತ್ತರ ಬರೆಯಬೇಕು. ಇಲ್ಲಿ ಆ ಅಂಕಿ ಯಾವ ಚೀಲದಿಂದ ಬಂತು ಎಂದು ವಿಚಾರಿಸುವುದೇ ಅರ್ಧ ಕೆಲಸ.

ಮೊದಲ ಭೇಟಿಯಲ್ಲಿ ನಾನೂ ಎಡವಿದೆ. ಸಂವಹನ ಕೌಶಲದ ತರಬೇತಿಗೆ ಸೇರಬಹುದು ಎಂದುಬಿಟ್ಟೆ. ನಮ್ಮ ವೃತ್ತಿಯಲ್ಲಿ ಬಾಯಿಗೆ ಸುಲಭವಾಗಿ ಬರುವ ಸಲಹೆ ಅದು. ಅವರಿಗೆ ಮಾತಿನ ಕೊರತೆಯಿರಲಿಲ್ಲ, ಸ್ಯಾಂಪಲ್‌ನ ಮೂಲ ಗೊತ್ತಿರಲಿಲ್ಲ, ಅಷ್ಟೆ.

ಎರಡನೆಯ ಭೇಟಿಯಲ್ಲಿ ದಿನದ ಕೆಲಸವನ್ನು ಬೆಳಿಗ್ಗೆಯಿಂದ ಹೇಳುತ್ತಾ ಹೋಗಿ ಎಂದು ಕೇಳಿಕೊಂಡೆ. ಬೆಳೆಗಾರರಿಗೆ ಕೊಟ್ಟ ಮುಂಗಡಗಳಲ್ಲಿ ಹಲವು ಚುಕ್ತಾ ಆಗದೆ ಉಳಿದಿರುವುದನ್ನೂ, ಅದೇ ಹೊತ್ತಿಗೆ ಸಂಸ್ಥೆಯು ಬ್ಯಾಂಕಿನ ಸಾಲಕ್ಕೆ ಬಡ್ಡಿ ಕಟ್ಟುತ್ತಿರುವುದನ್ನೂ ಜನವರಿಯಲ್ಲೇ ಗಮನಿಸಿದ್ದಾಗಿ ಮಾತಿನ ನಡುವೆ ಹೇಳಿದರು. ದುಡಿಯುವ ಬಂಡವಾಳದ, ಅಂದರೆ ದಿನನಿತ್ಯದ ವ್ಯವಹಾರಕ್ಕೆ ಬೇಕಾಗುವ ಹಣದ, ಪಾಠ ಇಲ್ಲಿ ನೇರವಾಗಿ ಕೆಲಸ ಮಾಡಿತ್ತು. ಮಾಲೀಕರಿಗೆ ಏಕೆ ತಿಳಿಸಲಿಲ್ಲ ಎಂದಾಗ, "ಯಾರೂ ಕೇಳಲಿಲ್ಲವಲ್ಲ ಮೇಡಂ" ಎಂದರು.

ನಾನು ಕೊಟ್ಟ ಸಲಹೆ ಹೀಗಿತ್ತು. ವಾರದಲ್ಲಿ ಎರಡು ಬೆಳಗು ಗುಮಾಸ್ತರ ಜೊತೆ ಸ್ಯಾಂಪಲ್ ಮೇಜಿನ ಬಳಿ ನಿಂತು, ತಾವೇ ಸಿಪ್ಪೆ ಬಿಡಿಸಿ ತೂಗಬೇಕು. ಅವರನ್ನು ಪ್ರತಿಸ್ಪರ್ಧಿಯೆಂದು ನೋಡದೆ, "ನನಗೂ ಹೇಳಿಕೊಡಿ" ಎಂದು ಬಾಯಿಬಿಟ್ಟು ಕೇಳಬೇಕು. ಬೆಳೆಗಾರರಿಗೆ ಕೊಡುವ ಲೆಕ್ಕದ ಹಾಳೆ ಕನ್ನಡದಲ್ಲಿರಬೇಕು, ಎಷ್ಟು ಚೀಲಗಳಿಂದ ಸ್ಯಾಂಪಲ್ ತೆಗೆಯಲಾಯಿತು ಮತ್ತು ತೇವಾಂಶ ಎಷ್ಟಿತ್ತು ಎಂಬುದು ಮೊದಲ ಸಾಲಿನಲ್ಲೇ ಕಾಣಬೇಕು. ಮುಂಗಡದ ವಿಷಯವನ್ನು ಸ್ಲೈಡ್‌ಗಳ ಗೊಡವೆಯಿಲ್ಲದೆ, ಯಾವ ಮೊತ್ತ ಎಷ್ಟು ದಿನದಿಂದ ಬಾಕಿಯಿದೆ ಎಂದು ಒಂದೇ ಪುಟದಲ್ಲಿ ಬರೆದು ಮಾಲೀಕರ ಕೈಗೆ ಕೊಡಬೇಕು. ಬೆಂಗಳೂರಿನ ತೀರ್ಮಾನವನ್ನು ಇನ್ನೊಂದು ಕೊಯ್ಲು ಮುಗಿಯುವವರೆಗೆ ಮುಂದಕ್ಕೆ ಹಾಕಬೇಕೆಂದೂ, ನಿದ್ದೆಯ ತೊಂದರೆ ಹೀಗೇ ಮುಂದುವರಿದರೆ ವೈದ್ಯರನ್ನು ಕಾಣಬೇಕೆಂದೂ ಹೇಳಿದೆ.

ಐದು ವಾರಗಳ ನಂತರ ಬಂದಾಗ ಅವರ ಉಗುರಿನ ಸಂದಿಯಲ್ಲಿ ಚೆರಿ ಸಿಪ್ಪೆಯ ಕಂದು ಪುಡಿಯಿತ್ತು. ಮಾಲೀಕರು ಆ ಪುಟವನ್ನು ಎರಡು ಸಲ ಓದಿ, ಪ್ರತಿ ಶನಿವಾರ ಇಂಥದ್ದೊಂದು ಬೇಕು ಎಂದಿದ್ದರಂತೆ. ಆ ಹಿರಿಯ ಬೆಳೆಗಾರರು ಮಾತ್ರ ಈಗಲೂ ಬಂದರೆ ಮೊದಲು ವಿಚಾರಿಸುವುದು ಗುಮಾಸ್ತರನ್ನೇ.