ಎರಡು ಸೂಟ್‌ಕೇಸಿನ ಲೆಕ್ಕ

ತುಮಕೂರಿನ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ನಿವೃತ್ತ ಬ್ಯಾಂಕ್ ಮ್ಯಾನೇಜರ್. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ಮಗನ ಮನೆಯಿಂದ ಈಗಷ್ಟೇ ವಾಪಸಾಗಿದ್ದಾರೆ. ಅವರ ಮಾತಿನ ಸಾರ ಇಷ್ಟು: ‘ನನ್ನ ಪಿಎಫ್ ಹಣದಲ್ಲಿ ಮೊದಲ ವರ್ಷದ ಫೀಸು ಕಟ್ಟಿ, ಎರಡು ಸೂಟ್‌ಕೇಸ್ ಹಿಡಿದು ಹೋದ ಹುಡುಗ ಇವತ್ತು ಸ್ವಂತ ಮನೆ ಮಾಡಿದ್ದಾನೆ. ಕಪ್ಪು ಜನ ಅಲ್ಲೇ ಹುಟ್ಟಿದವರು. ಅವರಿಗೇಕೆ ಆಗಲಿಲ್ಲ? ಎಲ್ಲದಕ್ಕೂ ಪೊಲೀಸರ ಮೇಲೆ ಗೂಬೆ ಕೂರಿಸುತ್ತಾರೆ, ನಿಮ್ಮ ಪತ್ರಿಕೆಯೂ ತಾಳ ಹಾಕುತ್ತದೆ. ಅಜ್ಜನಿಗಾದ ಅನ್ಯಾಯವನ್ನು ಮೊಮ್ಮಗ ಎಷ್ಟು ದಿನ ಹೇಳಿಕೊಂಡು ತಿರುಗಬೇಕು?’

ಮೊದಲು ನಿಮಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ ಸಾರ್. ಅಮೆರಿಕದಲ್ಲಿ ಕೊಲೆಯಾಗುವವರಲ್ಲಿ ಕಪ್ಪು ಜನರ ಪಾಲು ಅವರ ಜನಸಂಖ್ಯೆಗಿಂತ ಎಷ್ಟೋ ಜಾಸ್ತಿ. 2020ರಲ್ಲಿ ಕಪ್ಪು ಮನುಷ್ಯ ಜಾರ್ಜ್ ಫ್ಲಾಯ್ಡ್ ಪೊಲೀಸ್ ಮೊಣಕಾಲಿನಡಿ ಸತ್ತ ಮೇಲೆ ನಡೆದ ಗ್ಯಾಲಪ್ ಸಮೀಕ್ಷೆಯಲ್ಲಿ, ನಮ್ಮ ಬಡಾವಣೆಗೆ ಪೊಲೀಸರು ಈಗಿರುವಷ್ಟಾದರೂ ಬೇಕು, ಇಲ್ಲ ಇನ್ನೂ ಜಾಸ್ತಿ ಬೇಕು ಅಂದ ಕಪ್ಪು ಜನ ನೂರಕ್ಕೆ 81. ಫರ್ಗುಸನ್‌ನಲ್ಲಿ 2014ರ ಆಗಸ್ಟ್‌ನಲ್ಲಿ ಪೊಲೀಸ್ ಗುಂಡಿಗೆ ಸತ್ತ ಕಪ್ಪು ತರುಣ ಮೈಕೆಲ್ ಬ್ರೌನ್ ಕೈ ಎತ್ತಿ ಶರಣಾಗಿದ್ದ ಅನ್ನುವುದಕ್ಕೆ ನಂಬುವಂಥ ಸಾಕ್ಷ್ಯ ಇಲ್ಲ ಅಂತ ಒಬಾಮಾ ಸರ್ಕಾರದ ನ್ಯಾಯ ಇಲಾಖೆಯೇ ಹೇಳಿತು. ಇದಿಷ್ಟು ನಿಮ್ಮ ಖಾತೆಗೆ ಜಮಾ.

ಆದರೆ ಅದೇ ಇಲಾಖೆ 2015ರ ಮಾರ್ಚ್‌ನಲ್ಲಿ ಅದೇ ದಿನ ಇನ್ನೊಂದು ವರದಿಯನ್ನೂ ಹೊರಗೆ ಬಿಟ್ಟಿತು. ಅದು ಫರ್ಗುಸನ್ ಪೊಲೀಸರ ಬಗ್ಗೆ. ನಿಮ್ಮ ಮಗನ ಊರಿನ ಮಗ್ಗುಲಲ್ಲೇ ಇರುವ ಜಾಗ ಅದು. ಓದಲೇಬೇಕಾದವರು ನಿಮ್ಮಂಥ ಬ್ಯಾಂಕಿನವರು, ಯಾಕಂದ್ರೆ ಅದು ಅರ್ಧಕ್ಕರ್ಧ ಲೆಕ್ಕಪತ್ರ. ಸುಮಾರು 21,000 ಜನರ ಪುಟ್ಟ ಊರು, ಮೂರರಲ್ಲಿ ಎರಡು ಪಾಲು ಕಪ್ಪು ಜನ. 2015ರ ಬಜೆಟ್‌ನಲ್ಲಿ 1 ಕೋಟಿ 32 ಲಕ್ಷ ಡಾಲರ್ ಆದಾಯದ ಅಂದಾಜು. ಅದರಲ್ಲಿ ಸುಮಾರು 31 ಲಕ್ಷ ದಂಡದಿಂದ ಬರಬೇಕು ಅಂತ ಮೊದಲೇ ಬರೆದಿಟ್ಟಿದ್ದರು! ಜನ ತಪ್ಪು ಮಾಡುವುದಕ್ಕೆ ಮುಂಚೆಯೇ ದಂಡದ ಮೊತ್ತ ಗೊತ್ತು. ವರ್ಷ ಮುಗಿಯುವುದರೊಳಗೆ ದಂಡದ ಟಿಕೆಟ್ ಬರೆಯುವುದು ಜೋರಾಗದಿದ್ದರೆ ಮುಂದಿನ ವರ್ಷ ವಸೂಲಿ ಏರಿಸುವುದು ಕಷ್ಟ ಅಂತ ಊರಿನ ಹಣಕಾಸು ಅಧಿಕಾರಿ ಪೊಲೀಸ್ ಮುಖ್ಯಸ್ಥರಿಗೆ 2010ರಲ್ಲೇ ಬರೆದಿದ್ದರು. ಬಂಧಿತರಲ್ಲಿ ನೂರಕ್ಕೆ 93 ಮಂದಿ ಕಪ್ಪು ಜನ.

ಅದರಲ್ಲೇ ಒಬ್ಬಾಕೆಯ ಕಥೆ ಬರುತ್ತದೆ. 2007ರಲ್ಲಿ ಒಂದು ಸಲ ಕಾರನ್ನು ನಿಲ್ಲಿಸಬಾರದ ಕಡೆ ನಿಲ್ಲಿಸಿದಳು. ದಂಡ 151 ಡಾಲರ್, ಮೇಲೆ ಶುಲ್ಕ. ಕೈಯಲ್ಲಿ ಕಾಸಿಲ್ಲ, ಕೆಲವು ಸಲ ಇರಲು ಮನೆಯೂ ಇಲ್ಲ. ಕೋರ್ಟಿಗೆ ಬರಲಿಲ್ಲ, ಕಂತು ತಪ್ಪಿತು ಅಂತ ಹೊಸ ಹೊಸ ಕೇಸು, ಪ್ರತಿಯೊಂದಕ್ಕೂ ವಾರಂಟ್. ಎರಡು ಸಲ ಹಿಡಿದರು, ಆರು ದಿನ ಜೈಲಿನಲ್ಲಿಟ್ಟರು. 25 ಡಾಲರ್, 50 ಡಾಲರ್ ಕಟ್ಟಲು ಹೋದರೆ ಪೂರ್ತಿ ತನ್ನಿ ಅಂತ ವಾಪಸ್ ಕಳಿಸಿದರು. ಕೊನೆಗೆ 550 ಡಾಲರ್ ಕಟ್ಟಿದ್ದಾಳೆ. 2014ರ ಡಿಸೆಂಬರ್‌ನಲ್ಲಿ ಇನ್ನೂ 541 ಡಾಲರ್ ಬಾಕಿ. ನಿಮ್ಮ ಇಡೀ ಸರ್ವಿಸ್‌ನಲ್ಲಿ ಇಂಥ ಖಾತೆ ನೋಡಿದ್ರಾ?

ಈಗ ಆ ಅಜ್ಜನ ವಿಷಯ. ಬಡತನವೂ ಆಸ್ತಿಯ ಹಾಗೆ ವಾರಸುದಾರರಿಗೇ ಹೋಗುತ್ತದೆ ಅಂತ ನಾನು ಈ ಅಂಕಣದಲ್ಲಿ ಬರೆದೂ ಬರೆದೂ ನಿಮಗೆಲ್ಲ ಬೇಜಾರಾಗಿರಬಹುದು. ಆದರೂ ಸೇಂಟ್ ಲೂಯಿಸ್‌ನ ಕಥೆ ಕೇಳಿ. 1916ರಲ್ಲಿ ಅಲ್ಲಿನ ಮತದಾರರೇ ಕಪ್ಪು ಜನ, ಬಿಳಿಯರು ಬೇರೆ ಬೇರೆ ಬೀದಿಯಲ್ಲಿರಬೇಕು ಅಂತ ವೋಟು ಹಾಕಿ ಕಾನೂನು ಮಾಡಿದರು. ಮರುವರ್ಷ ಬೇರೆ ಊರಿನ ಕೇಸಿನಲ್ಲಿ ಸುಪ್ರೀಂ ಕೋರ್ಟು ಇಂಥ ಕಾನೂನು ನಡೆಯುವುದಿಲ್ಲ ಅಂದಿತು. ಮಾಲೀಕರು ಒಳಗೊಳಗೇ ಕರಾರು ಮಾಡಿಕೊಳ್ಳುವುದು ನಿಲ್ಲಲಿಲ್ಲ. 1945ರಲ್ಲಿ ಶೆಲ್ಲಿ ಅನ್ನುವ ಕಪ್ಪು ದಂಪತಿ ಅಲ್ಲಿನ ಲಬಾಡಿ ಅವೆನ್ಯೂನಲ್ಲಿ ಮನೆ ಕೊಂಡರು. ‘ನೀಗ್ರೊ ಅಥವಾ ಮಂಗೋಲ್ ಜನಾಂಗ’ದವರಿಗೆ ಕೊಡಕೂಡದು ಅನ್ನುವ 1911ರ ಕರಾರು ತೋರಿಸಿ ಅಕ್ಕಪಕ್ಕದವರು ಕೋರ್ಟಿಗೆಳೆದರು. 1948ರಲ್ಲಿ ಶೆಲ್ಲಿಗಳು ಗೆದ್ದರು. ಆದರೆ ಸಾಲ ಕೊಡುವವರು ಯಾರು? 1930ರ ದಶಕದಲ್ಲೇ ಕೇಂದ್ರದ ಗೃಹಸಾಲ ಸಂಸ್ಥೆ ನಗರಗಳ ನಕ್ಷೆಗೆ ಬಣ್ಣ ಬಳಿದಿತ್ತು, ಕಪ್ಪು ಜನರಿದ್ದ ಬಡಾವಣೆ ಬಹುತೇಕ ಕೆಂಪು, ಅಂದರೆ ಸಾಲ ಕೊಟ್ಟರೆ ಅಪಾಯ ಅಂತ. ನ್ಯೂಯಾರ್ಕ್ ಪಕ್ಕದ ಲೆವಿಟೌನ್‌ನಲ್ಲಿ 1947ರಿಂದ ಯುದ್ಧ ಮುಗಿಸಿ ಬಂದ ಬಿಳಿ ಸೈನಿಕನಿಗೆ ಸರ್ಕಾರದ ಖಾತರಿಯಲ್ಲಿ ಮನೆ. ಅದೇ ಯುದ್ಧ ಮಾಡಿದ ಕಪ್ಪು ಸೈನಿಕನಿಗೆ ಆ ಬಡಾವಣೆಯ ಬಾಗಿಲೇ ಮುಚ್ಚಿತ್ತು. ಮನೆ ಕೊಡುವುದರಲ್ಲಿ ಭೇದ ಮಾಡಬಾರದು ಅಂತ ಕೇಂದ್ರದ ಕಾಯ್ದೆ ಬಂದದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದು ಒಂದು ವಾರವಾದ ಮೇಲೆ.

ಅಡಮಾನಕ್ಕೆ ಮನೆ ಇದ್ದವನ ಮಗ ಕಾಲೇಜಿಗೆ ಹೋಗುತ್ತಾನೆ, ಅವನ ಮಗ ಅಂಗಡಿ ಇಡುತ್ತಾನೆ. ಇದನ್ನು ನಿಮಗೆ ಹೇಳಿಕೊಡಬೇಕೇ? ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ 2022ರ ಲೆಕ್ಕದಲ್ಲಿ ನಡುಮಟ್ಟದ ಬಿಳಿ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900.

ಇನ್ನು ಆ ಎರಡು ಸೂಟ್‌ಕೇಸ್. ಅದರಲ್ಲಿ ನಿಮ್ಮ ಪಿಎಫ್ ಇತ್ತು, ಅವನ ಎಂಜಿನಿಯರಿಂಗ್ ಡಿಗ್ರಿ ಇತ್ತು. ಬಾಗಿಲು ತೆಗೆಸಿದವರು ಬೇರೆ. 1946ರ ಕಾಯ್ದೆಯಲ್ಲಿ ಭಾರತದವರಿಗೆ ಇದ್ದ ಕೋಟಾ ವರ್ಷಕ್ಕೆ 100. ಅದನ್ನು ಕಿತ್ತುಹಾಕಿದ್ದು 1965ರ ಅಕ್ಟೋಬರ್‌ನ ವಲಸೆ ಕಾಯ್ದೆ. ಅದೇ ವರ್ಷ ಮಾರ್ಚ್‌ನಲ್ಲಿ ವೋಟಿನ ಹಕ್ಕು ಕೇಳಿ ಮೆರವಣಿಗೆ ಹೊರಟು, ಅಲಬಾಮಾದ ಸೆಲ್ಮಾ ಊರಿನ ಸೇತುವೆಯ ಮೇಲೆ ಪೊಲೀಸರಿಂದ ಹೊಡೆತ ತಿಂದ ಕಪ್ಪು ಜನ ಯಾರು ಸಾರ್? ಅವರ ಹೋರಾಟ ಇಲ್ಲದೆ ಆ ಕಾಯ್ದೆ ಬರುತ್ತಿತ್ತು ಅಂತ ನನಗನ್ನಿಸುವುದಿಲ್ಲ.

ನಮ್ಮ ಬಣ್ಣವನ್ನು ಅಲ್ಲಿನ ಪೊಲೀಸರು ಬೇರೆಯಾಗಿ ನೋಡುತ್ತಾರೆ ಅಂತಲೂ ಬರೆದಿದ್ದೀರಿ. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ ಗುಜರಾತಿನ 57 ವರ್ಷದ ಹಿರಿಯರೊಬ್ಬರು ಬೆಳಗ್ಗೆ ಸುಮ್ನೆ ವಾಕಿಂಗ್ ಹೊರಟಿದ್ದರು. ಮೊಮ್ಮಗನನ್ನು ನೋಡಿಕೊಳ್ಳಲು ಬಂದವರು, ನಿಮ್ಮ ಹಾಗೇ. ಯಾರೋ ‘ಸಣಕಲು ಕಪ್ಪು ಮನುಷ್ಯ ಓಡಾಡುತ್ತಿದ್ದಾನೆ’ ಅಂತ ಫೋನ್ ಮಾಡಿದರು. ಇಂಗ್ಲಿಷ್ ಬಾರದ ಅವರನ್ನು ಪೊಲೀಸ್ ನೆಲಕ್ಕೆ ಕೆಡವಿದ ಪೆಟ್ಟಿಗೆ ಕೈಕಾಲು ಸ್ವಾಧೀನ ತಪ್ಪಿತು. ಆ ಪೊಲೀಸ್ ಮೇಲಿನ ಕೇಸು ಎರಡು ಸಲ ಜ್ಯೂರಿಯ ಮುಂದೆ ನಡೆದು, ತೀರ್ಮಾನ ಆಗದೆ, ಕೊನೆಗೆ ನ್ಯಾಯಾಧೀಶರು ಬಿಡುಗಡೆ ಮಾಡಿದರು.

ಇಂಥದ್ದು ನಮ್ಮ ಪತ್ರಿಕೆಗಳಲ್ಲಿ ಎರಡು ದಿನ ಬರುತ್ತದೆ, ಅಷ್ಟೇ. ಕನ್ನಡಿಗರೊಬ್ಬರು ಅಲ್ಲಿ ಕಂಪನಿಯ ಮುಖ್ಯಸ್ಥರಾದರೆ ಮಾತ್ರ ವಾರವಿಡೀ ಹಬ್ಬ, ಸೂಟು ತೊಟ್ಟ ಫೋಟೊ. ಮನೆಯದ್ದೇ ನೋಡಿ. ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಅನ್ನುವ ಜಾಗ ಇದೆ. ಬ್ರಿಟಿಷರು ಇಡೀ ಇಡೀ ಸಮುದಾಯಗಳನ್ನು ಅಪರಾಧಿ ಬುಡಕಟ್ಟುಗಳು ಅಂತ ಕಾಯ್ದೆಯಲ್ಲೇ ಬರೆದು ಕಾವಲಿನಲ್ಲಿಟ್ಟ ಕಾಲದ ಜಾಗ. ಕಾಯ್ದೆ 1952ರಲ್ಲಿ ಹೋಯಿತು. ಕಳ್ಳತನವಾದಾಗ ಪೊಲೀಸ್ ಜೀಪು ಮೊದಲು ಯಾರ ಕೇರಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ನಿಮ್ಮ ಕೈಯಲ್ಲಿ ಸಾಲದ ಅರ್ಜಿಗಳು ಸಾಕಷ್ಟು ದಾಟಿಹೋಗಿವೆ. ಯಾವ ಬೀದಿಯ ವಿಳಾಸ ಕಂಡರೆ ಫೈಲು ಪಕ್ಕಕ್ಕೆ ಸರಿಯುತ್ತಿತ್ತು ಅನ್ನುವುದನ್ನು ಒಂದು ಲೇಖನ ಮಾಡಿ ಕಳಿಸಿ. ಹೆಸರುಗಳು ಬೇಡ. ಸಾವಿರ ಪದದೊಳಗೆ ಇರಲಿ, ಸಂಭಾವನೆ ಮಾತ್ರ ಸ್ವಲ್ಪ ತಡವಾಗುತ್ತದೆ.