ಸಿಟ್ಟೇ ಬಾರದ ಹಾಗೆ ಮಾಡಿ ಅಂತ ಕೇಳಬೇಡಿ

ಶಾಲೆ ಶುರುವಾಗಿ ಎರಡು ತಿಂಗಳಾದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಊರಿಂದ ಬರುತ್ತದೆ. ಕಳೆದ ವರ್ಷವೂ ಉತ್ತರಿಸಿದ್ದೆ, ಅದರ ಹಿಂದಿನ ವರ್ಷವೂ ಉತ್ತರಿಸಿದ್ದೆ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಪ್ರಶ್ನೆ: ಮೂರನೇ ತರಗತಿಯ ಹುಡುಗನೊಬ್ಬ ಸಿಟ್ಟು ಬಂದರೆ ಸ್ಲೇಟು ಎಸೆಯುತ್ತಾನೆ, ಪಕ್ಕದವರಿಗೆ ಹೊಡೆಯುತ್ತಾನೆ. ಕಣ್ಣು ಮುಚ್ಚಿಸಿ ಧ್ಯಾನ ಮಾಡಿಸಿದೆ, ಎಲ್ಲರ ಮುಂದೆ ಸಾರಿ ಹೇಳಿಸಿದೆ. ಬದಲಾಗಿಲ್ಲ. ಸಿಟ್ಟೇ ಬಾರದ ಹಾಗೆ ಮಾಡುವುದು ಹೇಗೆ? — ಶಿಕ್ಷಕಿ, ಶಿಡ್ಲಘಟ್ಟ ತಾಲ್ಲೂಕು

ಮೇಡಂ, ಅದು ಆಗುವುದಿಲ್ಲ, ಆಗಲೂಬಾರದು. ತನ್ನ ಸರದಿ ತಪ್ಪಿಸಿದರೂ ಸಿಟ್ಟು ಬಾರದ ಮಗುವಿನ ಬಗ್ಗೆ ನನಗೆ ಇನ್ನೂ ಜಾಸ್ತಿ ಚಿಂತೆಯಾಗುತ್ತದೆ. ಸಿಟ್ಟು ಏರುತ್ತಿದೆ ಅಂತ ಹುಡುಗನಿಗೇ ಗೊತ್ತಾಗಬೇಕು. ಏರಿದಾಗ ಕೈ ಎತ್ತುವ ಬದಲು ಏನು ಮಾಡಬಹುದು ಅಂತ ತಿಳಿದಿರಬೇಕು. ನೀವು ಕಲಿಸಬೇಕಾದದ್ದು ಇಷ್ಟೇ.

ಮೊದಲು ಎರಡು ವಾರ ಒಂದು ನೋಟ್‌ಬುಕ್ ಇಡಿ. ಎಷ್ಟು ಗಂಟೆಗೆ ಹೊಡೆದ, ಯಾರಿಗೆ ಹೊಡೆದ, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು ಅಂತ ಬರೆಯಿರಿ. 'ಸುಮ್‌ಸುಮ್ನೆ ಹೊಡೀತಾನೆ' ಅಂತ ಮಾತ್ರ ಬರೆಯಬೇಡಿ. ನಿಮ್ಮ ಕಡೆ ರೇಷ್ಮೆ ಸಾಕುವ ಮನೆಗಳು ಜಾಸ್ತಿ. ಹುಳ ಹಣ್ಣಾಗುವ ಹೊತ್ತಿಗೆ ಮನೆಯಲ್ಲಿ ಯಾರಿಗೂ ಸರಿಯಾದ ನಿದ್ದೆ ಇರುವುದಿಲ್ಲ. ರಾತ್ರಿಯೂ ಸೊಪ್ಪು ಹಾಕಬೇಕು, ಆಮೇಲೆ ಹುಳ ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ಮಕ್ಕಳೂ ಕೈ ಜೋಡಿಸುತ್ತಾರೆ. ನಿದ್ದೆಗೆಟ್ಟು, ತಿಂಡಿಯೂ ತಿನ್ನದೆ ಬಂದ ಎಂಟು ವರ್ಷದ ಹುಡುಗನಿಗೆ ಬಿಸಿಯೂಟದ ಹೊತ್ತಿನ ತನಕ ತಾಳ್ಮೆ ಎಲ್ಲಿಂದ ಬರಬೇಕು? ಅಂಥ ದಿನ ಅವನನ್ನು ಅರ್ಧ ಗಂಟೆ ಮಲಗಲು ಬಿಡಿ. ಕಿವಿ ಸರಿಯಾಗಿ ಕೇಳುತ್ತದಾ, ಬೋರ್ಡು ಕಾಣುತ್ತದಾ ಅಂತಲೂ ಪರೀಕ್ಷೆ ಮಾಡಿಸಿ. ಅರ್ಧ ಮಾತು ಮಾತ್ರ ಕೇಳಿಸುವ ಮಗು ದಿನವಿಡೀ ರೇಗಿಕೊಂಡೇ ಇರುತ್ತದೆ. ಇದನ್ನೆಲ್ಲ ನೋಡದೆ ನನಗೆ ಪತ್ರ ಬರೆಯುವವರೇ ಜಾಸ್ತಿ.

ಇನ್ನು ಕಲಿಸುವ ವಿಷಯ. ಹುಡುಗ ನೆಮ್ಮದಿಯಾಗಿ ಇರುವಾಗ ಕೇಳಿ: 'ಸಿಟ್ಟು ಬರುವ ಮುಂಚೆ ನಿನ್ನ ಮೈಯಲ್ಲಿ ಮೊದಲು ಎಲ್ಲಿ ಗೊತ್ತಾಗುತ್ತೆ?' ಕೆಲವರಿಗೆ ಕಿವಿ ಬಿಸಿಯಾಗುತ್ತದೆ, ಕೆಲವರು ಹಲ್ಲು ಕಚ್ಚುತ್ತಾರೆ. ಒಬ್ಬ ಹುಡುಗ ಬಹಳ ಹೊತ್ತು ಯೋಚನೆ ಮಾಡಿ, 'ಕಾಲ್ಬೆರಳು ಮಡಚ್ಕೊಳ್ಳುತ್ತೆ' ಅಂದ. ಅವನ ಟೀಚರ್ ಮತ್ತು ಅವನು ಒಂದು ಒಪ್ಪಂದಕ್ಕೆ ಬಂದರು. ಕಾಲ್ಬೆರಳು ಮಡಚಿಕೊಂಡ ಕೂಡಲೇ ಯಾರನ್ನೂ ಕೇಳದೆ ಎದ್ದು ಹೋಗಿ ನೀರು ಕುಡಿದು ಬರಬಹುದು. ಶುರುವಿನಲ್ಲಿ ಸುಮ್ಮನೆ ತಿರುಗಾಡಲೂ ಎದ್ದು ಹೋಗುತ್ತಿದ್ದ. ಹೋಗಲಿ ಬಿಡಿ, ಅದರಿಂದ ಏನೂ ನಷ್ಟವಿಲ್ಲ.

ಆಮೇಲೆ ಹೆಸರು ಹೇಳುವುದು ಕಲಿಸಿ. ಮಕ್ಕಳು ಎಲ್ಲದಕ್ಕೂ ಸಿಟ್ಟು ಅಂತಲೇ ಅನ್ನುತ್ತಾರೆ. ಒಳಗೆ ನೋಡಿದರೆ ಅದು ಅವಮಾನ ಇರಬಹುದು, ಭಯ, ಹೊಟ್ಟೆಕಿಚ್ಚು, ಬೇಜಾರು ಏನು ಬೇಕಾದರೂ ಇರಬಹುದು. ಹೆಸರು ಇಟ್ಟರೆ ಏನು ಲಾಭ ಅನ್ನುವವರಿಗೆ: 2007ರಲ್ಲಿ ಅಮೆರಿಕದ ಮ್ಯಾಥ್ಯೂ ಲೀಬರ್‌ಮನ್ ತಂಡ ಮೆದುಳಿನ ಸ್ಕ್ಯಾನ್ ಮಾಡಿ ನೋಡಿತು. ಸಿಟ್ಟಿನ, ಹೆದರಿಕೆಯ ಮುಖಗಳನ್ನು ನೋಡಿ ಆ ಭಾವನೆಗೆ ಹೆಸರು ಆರಿಸಿದಾಗ, ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಭಾಗದ ಚುರುಕು ತಗ್ಗಿತ್ತು. ಅದು ದೊಡ್ಡವರ ಮೇಲೆ ಮಾಡಿದ ಅಧ್ಯಯನ, ಮಕ್ಕಳಿಗೆ ಹಾಗೇ ಹೊಂದಿಸಬೇಡಿ. ಆದರೆ 'ನನ್ನನ್ನ ನೋಡಿ ನಕ್ಕರು, ಅವಮಾನ ಆಯ್ತು' ಅಂತ ಹೇಳಲು ಬಂದ ಮಗು ಸ್ಲೇಟು ಎಸೆಯುವುದು ಕಮ್ಮಿಯಾಗುವುದನ್ನು ನಾನು ತರಗತಿಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಮನೆಯಲ್ಲಿ ತೆಲುಗು ಆಡುವ ಮಗುವಾದರೆ ತೆಲುಗಿನಲ್ಲೇ ಹೇಳಲಿ. ಬಾಗೇಪಲ್ಲಿ, ಮುಳಬಾಗಿಲು ಕಡೆಯ ಟೀಚರುಗಳಿಗೂ ಇದೇ ಮಾತು. ಮನಸ್ಸಿನದು ಬಾಯಿಗೆ ಬರುತ್ತಿರುವಾಗ ಭಾಷೆ ತಿದ್ದಲು ಹೋಗಬೇಡಿ.

ಸ್ಲೇಟು ಹಾರಿದ ಹೊತ್ತಿನಲ್ಲಿ ಪಾಠ ಬೇಡ. ಉಳಿದ ಮಕ್ಕಳನ್ನು ದೂರ ಸರಿಸಿ, ದನಿ ತಗ್ಗಿಸಿ, ಮಾತು ಕಮ್ಮಿ ಮಾಡಿ. 'ಯಾಕೋ ಹೊಡೆದೆ?' ಅಂತ ಗದರಬೇಡಿ, ಆಗ ಅವನ ಹತ್ತಿರ ಉತ್ತರ ಇರುವುದಿಲ್ಲ. ಪೂರ್ತಿ ತಣ್ಣಗಾದ ಮೇಲೆ ಪಕ್ಕದಲ್ಲಿ ಕೂತು, 'ಮೊದಲು ಏನಾಯ್ತು?' ಅಂತ ಕೇಳಿ. ಸಿಟ್ಟು ಬಂದದ್ದು ತಪ್ಪಲ್ಲ, ಹೊಡೆದದ್ದು ತಪ್ಪು ಅಂತ ಬಿಡಿಸಿ ಹೇಳಿ. ಎಲ್ಲರ ಮುಂದೆ ಸಾರಿ ಹೇಳಿಸುವುದನ್ನು ಇವತ್ತೇ ನಿಲ್ಲಿಸಿ. ಅದರಿಂದ ಅವನು ಕಲಿಯುವುದು ಇನ್ನೊಂದು ಅವಮಾನವನ್ನು ಮಾತ್ರ. ಒಡೆದದ್ದನ್ನು ಅವನೇ ಎತ್ತಿಡಲಿ, ಪೆಟ್ಟು ತಿಂದವನಿಗೆ ಏನಾದರೂ ಸಹಾಯ ಮಾಡಲಿ. ಬಸ್ಕಿ, ಬೆತ್ತದ ಮಾತು ಎತ್ತಲೇಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ.

ಧ್ಯಾನ ಮಾಡಿಸಿದಿರಿ, ಸರಿ. ಆದರೆ ಹೊಡೆದ ಮೇಲೆ ಮಾಡಿಸಿದರೆ ಮಗುವಿಗೆ ಅದೂ ಒಂದು ಶಿಕ್ಷೆ. ಬೆಳಗಿನ ಪ್ರಾರ್ಥನೆ ಆದಮೇಲೆ ಎಲ್ಲ ಮಕ್ಕಳಿಗೂ ಐದು ಸಲ ನಿಧಾನವಾಗಿ ಉಸಿರು ಬಿಡುವುದನ್ನು ಕಲಿಸಿ. ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಲಿ. ಕಣ್ಣು ಮುಚ್ಚಲೇಬೇಕು ಅನ್ನಬೇಡಿ, ಕೆಲವು ಮಕ್ಕಳಿಗೆ ಭಯವಾಗುತ್ತದೆ. ಮತ್ತೆ, ನಿಮಗೇ ರೇಗಿದಾಗ 'ನನಗೀಗ ಸಿಟ್ಟು ಬಂದಿದೆ, ಒಂದು ನಿಮಿಷ ಸುಮ್ಮನಿರ್ತೀನಿ' ಅಂತ ಮಕ್ಕಳಿಗೆ ಕೇಳುವ ಹಾಗೆ ಹೇಳಿ, ಹಾಗೇ ಸುಮ್ಮನಿರಿ. ನಿಮ್ಮನ್ನು ನೋಡಿಯೇ ಅವರು ಕಲಿಯುವುದು.

ಪ್ರಶ್ನೆ: ಬೆರಳಚ್ಚು ಪರೀಕ್ಷೆಯಿಂದ ಮಗಳ ಸ್ವಭಾವ ಗೊತ್ತಾಗುತ್ತದೆ ಅಂತ ಶಾಲೆಗೆ ಬಂದವರು ದುಡ್ಡು ಕೇಳುತ್ತಿದ್ದಾರೆ. — ತಾಯಿ, ತುಮಕೂರು

ಕೊಡಬೇಡಿ. ಬೆರಳಚ್ಚಿನಲ್ಲಿ ಸ್ವಭಾವವೂ ಇಲ್ಲ, ಬುದ್ಧಿಯೂ ಇಲ್ಲ.

ಪ್ರಶ್ನೆ: ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ 'ಮಿಡ್‌ಬ್ರೇನ್' ತರಬೇತಿಯಿಂದ ಮನಸ್ಸು ಹಿಡಿತಕ್ಕೆ ಬರುತ್ತದಾ? — ತಂದೆ, ಚಿಂತಾಮಣಿ

ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ಇಣುಕಿ ಓದುತ್ತಾರೆ. ಮಗುವಿಗೆ ಸುಳ್ಳು ಕಲಿಸಲು ನೀವೇ ಫೀಸು ಕಟ್ಟಬೇಕಾ?

ಪ್ರಶ್ನೆ: ಮಗ ಗಂಡು ಹುಡುಗ, ಮಾತೆತ್ತಿದರೆ ಅಳುತ್ತಾನೆ. — ತಂದೆ, ಮಾಲೂರು

ಅಳಲಿ. ಅತ್ತು ಮುಗಿದ ಮೇಲೆ ಪಕ್ಕದಲ್ಲಿ ಕೂತು ಮಾತಾಡಿಸಿ.

ಪ್ರಶ್ನೆ: ಐದನೇ ತರಗತಿಯ ಹುಡುಗಿ ಸಿಟ್ಟು ಬಂದಾಗ 'ಸತ್ತೋಗ್ತೀನಿ' ಅನ್ನುತ್ತಾಳೆ. ಬಾಯಿಮಾತಿಗೆ ಅಂದದ್ದು ಅಂತ ಬಿಡಬಹುದಾ? — ಮುಖ್ಯ ಶಿಕ್ಷಕರು, ಪಾವಗಡ ತಾಲ್ಲೂಕು

ಬಿಡಬೇಡಿ ಸರ್. ಬಾಯಿಮಾತೋ ಅಲ್ಲವೋ ಅಂತ ನಾವು ನೀವು ತೀರ್ಮಾನಿಸುವುದು ಬೇಡ. ಒಬ್ಬಳೇ ಇರುವಾಗ, ಸಾಯುವ ಯೋಚನೆ ಬರುತ್ತದಾ ಅಂತ ಮೆಲ್ಲಗೆ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅನ್ನುವುದು ತಪ್ಪು ನಂಬಿಕೆ. ತಂದೆತಾಯಿಯನ್ನು ಇವತ್ತೇ ಕರೆಸಿ, ಬೆಳೆಗೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಬೀಗ ಹಾಕಿಡಲು ಹೇಳಿ. ಆದರೆ ಮನೆಯಲ್ಲೇ ಯಾರೋ ಹಿಂಸೆ ಕೊಡುತ್ತಿದ್ದಾರೆ ಅನ್ನಿಸಿದರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416, ದುಡ್ಡಿಲ್ಲದೆ, ಹಗಲು ರಾತ್ರಿ, ಕನ್ನಡದಲ್ಲೇ ಸಿಗುತ್ತದೆ. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಲು ಬಸ್ಸು, ಕೂಲಿ ಅಂತ ಮನೆಯವರು ಹಿಂದೆಮುಂದೆ ನೋಡಿದರೆ, ನೀವೇ ಫೋನ್ ಮಾಡಿ ಅವರ ಕೈಗೆ ಕೊಡಿ.