ಮಕ್ಕಳಿಗೆ ಬಡಿಗತನ ಬೇಡ. ನಾನು ಹೋದ ಮೇಲೆ ನನ್ನ ಸಾಮಾನುಗಳ ಗತಿ ಏನು?

ಯಾರಿಗೆ ಯಾವುದು ಅಂತ ಈಗಲೇ ಬರೆದಿಡಿ. ಗದಗದಲ್ಲಿ ನಮ್ಮ ಕಾಕಾ ತೀರಿಕೊಂಡಾಗ ಬಾಚಿ, ಗರಗಸ ಎಲ್ಲ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋದವು. ನಾನು ಒಂದು ಉಳಿ ಮಾತ್ರ ಎತ್ತಿಟ್ಟುಕೊಂಡೆ. ಅದರ ಹಿಡಿಯಲ್ಲಿ ಅವರ ಹೆಬ್ಬೆರಳು ಕೂತು ಸವೆದ ಗುಳಿ ಇನ್ನೂ ಇದೆ.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ ವಿಲ್‌ಗೆ ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಸ್ಟ್ಯಾಂಪ್ ಪೇಪರ್ ಬೇಕಿಲ್ಲ, ಬಿಳಿ ಹಾಳೆ ಸಾಕು. ನೋಂದಣಿಯೂ ಕಡ್ಡಾಯವಲ್ಲ. ಸಾಮಾನು ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ, ಸುಮ್ನೆ ತಕರಾರು.

ನನ್ನನ್ನು ಕೇಳಿದರೆ, ಬದುಕಿದ್ದಾಗಲೇ ಕೊಡುವುದು ಜಾಸ್ತಿ ಚಲೋ. ನಿಮ್ಮ ಕೈಕೆಳಗೆ ಕಲಿತ ಹುಡುಗ ಯಾರಾದರೂ ಇದ್ದಾನಲ್ವಾ? ಈ ಆಯುಧಪೂಜೆಗೆ ಅವನ ಕೈಗೆ ಕೀಸುಳಿ ಕೊಡಿ. ಅಲಗು ಮಸೆಯುವುದನ್ನೂ ಪಕ್ಕದಲ್ಲೇ ಕೂತು ತೋರಿಸಿ.